ಪೆಟ್ಟಿಗೆ ಬಿಚ್ಚುವವರು ನಾವಾಗೋಣ

ಪೀಣ್ಯದಲ್ಲಿ ಲೇತ್ ಮುಂದೆ ನಿಂತ ಹುಡುಗ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುವ ಹುಡುಗಿ, ವೈಟ್‌ಫೀಲ್ಡಿನಲ್ಲಿ ಕೂತು ಯಾವುದೋ ದೇಶದ ವಿಮಾನದ ಬಾಗಿಲಿಗೆ ನಕ್ಷೆ ಬಿಡಿಸುವ ಎಂಜಿನಿಯರ್, ನಿಮ್ಮೆಲ್ಲರಿಗೂ ಒಂದೇ ಪ್ರಶ್ನೆ. 1940ರಲ್ಲೇ ವಿಮಾನ ಕಾರ್ಖಾನೆ ಎಚ್‌ಎಎಲ್ ಹುಟ್ಟಿದ ಊರು ಬೆಂಗಳೂರು. ಇಲ್ಲಿ ತಾವೇ ಕಟ್ಟಿದ ವಿಮಾನದಲ್ಲಿ ಹಾರಿದವರು ಯಾಕೆ ಇಷ್ಟು ವಿರಳ?

ಅಮೆರಿಕದ ಐಡಾಹೊ ಬೆಟ್ಟಗಳ ನಡುವೆ ಜಾನ್ಸನ್ ಕ್ರೀಕ್ ಎಂಬ ಹುಲ್ಲಿನ ರನ್‌ವೇ ಇದೆ. ಪುಟ್ಟ ವಿಮಾನಗಳು ಅಲ್ಲಿ ಬಂದಿಳಿಯುತ್ತವೆ, ಬಂದವರು ರೆಕ್ಕೆಯ ಪಕ್ಕದಲ್ಲೇ ಡೇರೆ ಹಾಕುತ್ತಾರೆ. ಇಂಥ ಕೂಟಕ್ಕೆ ಫ್ಲೈ-ಇನ್ ಎನ್ನುತ್ತಾರೆ. ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ವಿಮಾನಕ್ಕೂ ಅಲ್ಲಿ ಜಾಗವುಂಟು.

‘ಅದು ಅವರ ದೇಶದ ಮಾತು’ ಅಂತ ಕೈ ಕೊಡವಬೇಡಿ. ಜೋಯೆಲ್ ಕೊಚ್ಲಿನ್ ಎಂಬ ಫ್ರೆಂಚ್ ಹಾರಾಟಗಾರ (ನಟಿ ಕಲ್ಕಿಯ ತಂದೆ) ರಾಜ್‌ಹಂಸ ಅಲ್ಟ್ರಾಲೈಟ್ಸ್ ಶುರುಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಅವರ ಎಕ್ಸ್-ಏರ್ ಎರಡು ಸೀಟಿನ ವಿಮಾನ. ಬೋಲ್ಟ್ ಬಿಗಿದ ಅಲ್ಯೂಮಿನಿಯಂ ಕೊಳವೆಗಳು, ಮೇಲೆ ಡೇಕ್ರಾನ್ ಬಟ್ಟೆ, ಅಷ್ಟೇ. ಬಿಡಿಭಾಗಗಳ ಕಿಟ್ ಆಗಿ ಅದು ಹೊರದೇಶಗಳಿಗೆ ಹೋಯಿತು. ಬ್ರಿಟನ್ನಿನ ಹವ್ಯಾಸಿಗಳು ಪೆಟ್ಟಿಗೆ ಬಿಚ್ಚಿ, ತಾವೇ ಜೋಡಿಸಿ, ಹಾರಿದರು. ತುಂಬಿ ಕಳಿಸಿದ್ದು ನಮ್ಮೂರು, ಬಿಚ್ಚುವ ಖುಷಿ ಅವರದು. ಇದನ್ನು ನೆನೆದರೆ ನನಗೆ ಹೆಮ್ಮೆಗಿಂತ ಹೊಟ್ಟೆಕಿಚ್ಚೇ ಜಾಸ್ತಿ.

ಇನ್ನೊಂದು ಕಥೆ ಇದಕ್ಕಿಂತ ಸೊಗಸು. ಬರ್ಟ್ ರುಟಾನ್ ಎಂಬ ಅಮೆರಿಕನ್ ವಿನ್ಯಾಸಕಾರ ಮನೆಯಲ್ಲೇ ವಿಮಾನ ಕಟ್ಟುವವರಿಗೆಂದು ಲಾಂಗ್-ಇಜಿ ಎಂಬ ವಿಮಾನದ ನಕ್ಷೆ ಮಾರುತ್ತಿದ್ದ. ಫೋಮನ್ನು ಕಾದ ತಂತಿಯಲ್ಲಿ ಕೊರೆದು, ಗಾಜಿನ ನಾರಿನ ಬಟ್ಟೆ ಸುತ್ತಿ, ರೆಸಿನ್ ಬಳಿದರೆ ರೆಕ್ಕೆ. ಪುಟ್ಟ ರೆಕ್ಕೆ ಮುಂದೆ, ಪ್ರೊಪೆಲ್ಲರ್ ಹಿಂದೆ. ಅದೇ ವಿನ್ಯಾಸ ಹಿಡಿದು ನಮ್ಮ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿಗಳು ಒಂದು ಪುಟ್ಟ ಸಂಶೋಧನಾ ವಿಮಾನ ಕಟ್ಟಿದರು. 1987ರಲ್ಲಿ ಅದು ಹಾರಿತು. ಸರ್ಕಾರಿ ಪ್ರಯೋಗಾಲಯವೊಂದು ಗ್ಯಾರೇಜಿನವರ ನಕ್ಷೆಯ ಮುಂದೆ ಶಿಷ್ಯನಾಗಿ ಕೂತದ್ದಕ್ಕೆ ನನ್ನ ನಮಸ್ಕಾರ. ಅಲ್ಲಿ ಪಳಗಿದ ಕೈಗಳ ಮುಂದಿನ ಹೆಜ್ಜೆಯೇ ಹಂಸ ಎಂಬ ಪುಟ್ಟ ವಿಮಾನ. ಮೊದಲ ಹಾರಾಟ 1993ರಲ್ಲಿ, ಹೊಸ ಹಂಸ-ಎನ್‌ಜಿ 2021ರಲ್ಲಿ.

ಹಾಗಂತ ಯೂಟ್ಯೂಬ್ ನೋಡಿ ಬೈಕ್ ಎಂಜಿನ್ ಕಟ್ಟಿಕೊಂಡು ಹಾರಲು ಹೊರಡಬೇಡಿ. ಬೈಕಿನ ನಟ್ಟು ಸಡಿಲವಾದರೆ ರಸ್ತೆ ಬದಿಗೆ ನಿಲ್ಲಿಸಬಹುದು, ಮೇಲೆ ಬದಿಯೇ ಇಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ಅನುಮತಿ ಬೇಕು, ಅದು ಬೇಗ ಸಿಗುವಂಥದ್ದಲ್ಲ. ಮುಂಬೈಯ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನವನ್ನೇ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಅದನ್ನು ಇಟ್ಟ ಮೇಲೂ ಪರೀಕ್ಷಾ ಹಾರಾಟದ ಅನುಮತಿಗೆ ವರ್ಷಗಟ್ಟಲೆ ಅಲೆದರು. ಆದರೆ ಬಿಡಲಿಲ್ಲ.

ನಿಮಗೆ ತಾರಸಿಯೂ ಬೇಡ, ಪೀಣ್ಯದ ಒಂದು ಶೆಡ್ಡಿನ ಮೂಲೆ ಸಾಕು. ಟರ್ನರ್‌ಗೆ ಅಳತೆ ಗೊತ್ತು, ಡಿಸೈನರ್‌ಗೆ ಭಾರದ ಲೆಕ್ಕ ಗೊತ್ತು, ಕೋಡ್ ಬರೆಯುವವಳಿಗೆ ಸೆನ್ಸರ್ ಗೊತ್ತು. ಮೂವರೂ ಒಂದೇ ಊರಲ್ಲಿದ್ದು ಟ್ರಾಫಿಕ್ಕಿನಲ್ಲಿ ಮಾತ್ರ ಭೇಟಿಯಾಗುತ್ತೀರಿ! ಒಂದು ಭಾನುವಾರ ಜಕ್ಕೂರಿನ ವಿಮಾನ ನಿಲ್ದಾಣದ ಕಡೆ ಹೋಗಿ, ಹಾರುವ ಪುಟ್ಟ ವಿಮಾನಗಳನ್ನು ಕಣ್ತುಂಬ ನೋಡಿ. ಆಮೇಲೆ ರೆಕ್ಕೆಯ ಒಂದೇ ಒಂದು ಪಕ್ಕೆಲುಬು, ಅಂದರೆ ರಿಬ್, ಮಾಡಿ. ಅದರ ಮೇಲೆ ಮರಳಿನ ಚೀಲ ಹೇರುತ್ತಾ ಹೋಗಿ, ಮುರಿಯುವ ತನಕ. ಎಲ್ಲಿ ಮುರಿಯಿತು, ಎಷ್ಟು ಕಿಲೋಗೆ ಮುರಿಯಿತು ಎಂದು ಬರೆದಿಟ್ಟುಕೊಂಡು, ಅದೇ ದಿನ ಎರಡನೆಯ ರಿಬ್ಬಿಗೆ ಕೈಹಾಕಿ.