ನಮ್ಮ ರಕ್ತ ಪರೀಕ್ಷೆ ಮಾಡುವವರು ಯಾರು?



ಸಂಘದ ಸಾಲದಲ್ಲಿ ರಕ್ತ ಪರೀಕ್ಷೆ ಮಾಡಿಸ್ತೀವಿ, ರಿಪೋರ್ಟ್ ತಂದು ಡಾಕ್ಟರಿಗೆ ಕೊಡ್ತೀವಿ. ಪರೀಕ್ಷೆ ಮಾಡಿದವರು ಯಾರು ಅಂತ ಮಾತ್ರ ಕೇಳೋದೇ ಇಲ್ಲ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 8 ಇರುವುದು ರಿಪೋರ್ಟಿನಲ್ಲಿ 11 ಅಂತ ಬಂದರೆ ಚಿಕಿತ್ಸೆಯೇ ತಪ್ಪಿಹೋಗುತ್ತೆ, ಹೆರಿಗೆಯಲ್ಲಿ ತಾಯಿಯ ಜೀವಕ್ಕೇ ಅಪಾಯ.

ದೊಡ್ಡಬಳ್ಳಾಪುರವಾಗಲಿ, ಹೊಸಕೋಟೆಯಾಗಲಿ, ಖಾಸಗಿ ಲ್ಯಾಬ್ ನಡೆಸಲು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ನೋಂದಣಿ ಪತ್ರ, ದರಪಟ್ಟಿ ಎರಡನ್ನೂ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಕಾಣದಿದ್ದರೆ ಕೇಳೋಣ, ಸಂಕೋಚ ಯಾಕೆ, ದುಡ್ಡು ಕೊಡುವವರು ನಾವು. ದೂರಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಕೊಡಬಹುದು. ಹೊಸ ಸೂಜಿಯನ್ನು ನಮ್ಮೆದುರೇ ಬಿಚ್ಚಲಿ, ರಕ್ತದ ಟ್ಯೂಬಿನ ಮೇಲೆ ಹೆಸರನ್ನೂ ಅಲ್ಲೇ ಬರೆಯಲಿ. ಹೆಸರು ಅದಲುಬದಲಾದರೆ ಎಂಥ ಮಿಷಿನ್ ಇದ್ದರೂ ಅಷ್ಟೇ.

ಇನ್ನು ನಮ್ಮ ಹೆಣ್ಣುಮಕ್ಕಳ ವಿಷಯ. ಲ್ಯಾಬ್ ಟೆಕ್ನಿಷಿಯನ್ ಕೆಲಸ ಒಳ್ಳೆಯದೇ, ಓದಲಿ. ಆದರೆ 2021ರ ಕೇಂದ್ರ ಕಾಯ್ದೆಯ ಪ್ರಕಾರ ಈ ಕೆಲಸಕ್ಕೆ ಕಡಿಮೆ ಅಂದರೂ 2 ವರ್ಷದ, 2,000 ಗಂಟೆಯ ಓದು ಬೇಕು. ಮೂರೇ ತಿಂಗಳಲ್ಲಿ ಸರ್ಟಿಫಿಕೇಟ್ ಕೊಡ್ತೀವಿ ಅನ್ನುವವರಿಗೆ ಸಂಘದ ಸಾಲ ತೆಗೆದು ಫೀಸು ಕಟ್ಟಬೇಡಿ. ಕಾಲೇಜಿಗೆ ಸರ್ಕಾರದ ಮಾನ್ಯತೆ ಇದೆಯಾ, ಪತ್ರ ತೋರಿಸಿ ಅಂತ ಮೊದಲೇ ಕೇಳಿ.