ಓದುವ ಕಾಲದಲ್ಲೇ ಉದ್ಯಮ: ನಮ್ಮ ಮಕ್ಕಳೂ ನಾವೂ

(ವಿಜಯವಾಡದಲ್ಲಿ ಜರುಗಿದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಲ್ಲಿಗೆ ಬರುವ ಮುನ್ನ ಬೆಂಜ್ ಸರ್ಕಲ್ಲಿನ ಮೇಲ್ಸೇತುವೆಯ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ ಹೆದ್ದಾರಿಯೂ ಹೈದರಾಬಾದಿನಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿಯೂ ಅಲ್ಲಿ ಒಂದನ್ನೊಂದು ಕೂಡುತ್ತವೆ. ಕಾಲೇಜು ಬಸ್ಸುಗಳಿಂದ ಇಳಿದ ಹುಡುಗ ಹುಡುಗಿಯರು ಗುಂಪುಗುಂಪಾಗಿ ಸಾಗುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಫೋನು. ನನ್ನ ತಂದೆಯವರು ಈ ಊರಿಗೆ ಬಂದಾಗ ಅವರ ಬಳಿ ಇದ್ದದ್ದು ಒಂದು ಟ್ರಂಕು, ಹಿಟ್ಟು ಹುಳಿಯುವ ಹದದ ಅರಿವು, ರಾತ್ರಿಶಾಲೆಯಲ್ಲಿ ಕಲಿತ ಲೆಕ್ಕ, ಇಷ್ಟೇ. ಈ ಮಕ್ಕಳ ಅಂಗೈಯಲ್ಲಿರುವ ಬಂಡವಾಳವನ್ನು ಅವರು ಊಹಿಸಿಕೊಳ್ಳಲೂ ಶಕ್ತರಾಗಿರಲಿಲ್ಲ. ಆದರೆ ಆ ಬಂಡವಾಳದಿಂದ ನಮ್ಮ ಮಕ್ಕಳು ಏನು ಮಾಡಬಲ್ಲರು, ಅದಕ್ಕೆ ನಾವು ಹಿರಿಯರು ಎಷ್ಟು ನೆರವಾಗಿದ್ದೇವೆ, ಎಷ್ಟು ಅಡ್ಡಿಯಾಗಿದ್ದೇವೆ ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

"ಮೊದಲು ಓದು ಮುಗಿಸು, ದುಡಿಮೆ ಆಮೇಲೆ" ಎಂಬುದು ನಮ್ಮ ಮನೆಗಳ ಮಾತು. ನಾನೂ ಹಾಗೆಯೇ ಹೇಳಿದವನು. ಆದರೆ ಇದು ನಮ್ಮ ಪರಂಪರೆಯ ಮಾತು ಹೌದೆ? ಕರಾವಳಿಯಿಂದ ಮುಂಬಯಿಗೆ ಹೋದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತರು. ಮೊಗವೀರ ರಾತ್ರಿಶಾಲೆ, ಗುರುನಾರಾಯಣ ರಾತ್ರಿಶಾಲೆಗಳಂಥ ಸಂಸ್ಥೆಗಳನ್ನು ಕಟ್ಟಿದವರು ಸರ್ಕಾರದವರಲ್ಲ, ನಮ್ಮಂಥ ಹೊರನಾಡ ಕನ್ನಡಿಗರ ಸಂಘಗಳವರು. ನನ್ನ ತಂದೆ ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಅಂಥ ಶಾಲೆಯೊಂದರಲ್ಲಿ ಓದಿದವರು. ಅವರಿಗೆ ಅದು ಬಡತನ ಹೇರಿದ ದಾರಿಯಾಗಿತ್ತು. ಆ ಕಷ್ಟವನ್ನು ನಾನು ವೈಭವೀಕರಿಸಲಾರೆ. ಆದರೂ ಕಲಿಕೆ ಮತ್ತು ಗಳಿಕೆ ಒಂದೇ ದಿನದ ಎರಡು ಹೊತ್ತುಗಳಾಗಬಹುದೆಂಬುದನ್ನು ಆ ತಲೆಮಾರು ತೋರಿಸಿಕೊಟ್ಟಿತು.

ವಿದ್ಯೆ ಬೇರೆ, ಉದ್ಯಮ ಬೇರೆ ಎಂಬ ಗೋಡೆ ನಮ್ಮ ನಾಡಿನ ದೊಡ್ಡವರ ಮನಸ್ಸಿನಲ್ಲೂ ಇರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಮೈಸೂರಿನ ವಾಣಿಜ್ಯ ಮಂಡಲಿಯೂ ಹುಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಇನ್ನೊಂದು ಸಂಗತಿ ನಮ್ಮ ಮಕ್ಕಳಿಗೆ ತಿಳಿದಿರಲಿ: 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯ ಮೊದಲು ಸ್ಥಾಪನೆಯಾದದ್ದು ಇದೇ ಬೆಜವಾಡದಲ್ಲಿ, ಬಳಿಕ ಅದು ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೂ ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರ ನಂತರ ಕುಲಪತಿಯಾದ ರಾಧಾಕೃಷ್ಣನ್ನರೂ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದವರೇ. ಈ ಎರಡು ನೆಲಗಳ ನಡುವೆ ವಿದ್ಯೆಯ ಕೊಡುಕೊಳ್ಳುವಿಕೆ ಹಳೆಯದು. ನಾವು ಇಲ್ಲಿ ಪರಕೀಯರಲ್ಲ.

ಇನ್ನು ನನ್ನ ಮನೆಯ ಮಾತು. ನನ್ನ ಮಗಳು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾಗ ಒಬ್ಬ ವ್ಯಾಪಾರಸ್ಥರಿಗೆ, ಗಿರಾಕಿಗಳು ಫೋನಿನಲ್ಲೇ ತಿಂಡಿ ಆರಿಸಿ ಹೇಳಿಕಳಿಸುವ ವ್ಯವಸ್ಥೆಯನ್ನು ಸಿದ್ಧಪಡಿಸಿಕೊಟ್ಟಳು. ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟಳು. ವ್ಯವಸ್ಥೆ ಚೆನ್ನಾಗಿ ನಡೆಯಿತು. ಹಣ ಮಾತ್ರ ಬರಲಿಲ್ಲ. "ಅಪ್ಪ, ನೀವು ಅವರಿಗೆ ಒಂದು ಮಾತು ಹೇಳಿ" ಎಂದು ಕೇಳಿದಳು. "ಓದುವಾಗ ಇದೆಲ್ಲ ಬೇಡವೆಂದು ನಾನು ಹೇಳಿರಲಿಲ್ಲವೆ?" ಎಂದುಬಿಟ್ಟೆ. ಅವಳು ಮರುಮಾತಾಡದೆ ಎದ್ದು ಹೋದಳು. ಆ ಮೌನ ಬಹಳ ದಿನ ನಮ್ಮ ಮನೆಯಲ್ಲಿ ಉಳಿಯಿತು.

ಆಮೇಲೆ ಯೋಚಿಸಿದೆ. ಅವಳಿಗೆ ಯಂತ್ರದ ಭಾಷೆ ಬರುತ್ತಿತ್ತು. ಮುಂಗಡ ಕೇಳುವುದು, ಒಪ್ಪಂದ ಬರೆಸಿಕೊಳ್ಳುವುದು, ರಸೀದಿ ಕೊಡುವುದು, ಕೆಲಸವನ್ನು ಹಂತಹಂತವಾಗಿ ಒಪ್ಪಿಸಿ ಹಂತಹಂತವಾಗಿ ಹಣ ಪಡೆಯುವುದು ಬರುತ್ತಿರಲಿಲ್ಲ. ಅದು ಯಾರಿಗೆ ಬರುತ್ತಿತ್ತು? ಮೂವತ್ತು ವರ್ಷ ಗಲ್ಲದಲ್ಲಿ ಕುಳಿತ ನನಗೆ. ಸಾಲ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ವಿದ್ಯೆಯನ್ನು ನನ್ನ ತಂದೆ ನನಗೆ ಕಲಿಸಿದ್ದರು. ನಾನು ನನ್ನ ಮಗಳಿಗೆ ಲೆಕ್ಕದ ಪುಸ್ತಕವನ್ನು ಒಮ್ಮೆಯೂ ತೆರೆದು ತೋರಿಸಿರಲಿಲ್ಲ. ತಪ್ಪು ಅವಳದಲ್ಲ.

ವಿದ್ಯಾರ್ಥಿ ಮಿತ್ರರೆ, ಆ ಅನುಭವದಿಂದ ಕೆಲವು ವ್ಯಾವಹಾರಿಕ ಮಾತು ಹೇಳುತ್ತೇನೆ. ಹದಿನೆಂಟು ತುಂಬುವ ಮುನ್ನ ನೀವು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಕರಾರು ಮಾಡುವವರು ಪ್ರಾಪ್ತ ವಯಸ್ಕರಾಗಿರಬೇಕು. ಸಣ್ಣ ಉದ್ಯಮಕ್ಕೆ 2020ರ ಜುಲೈಯಿಂದ ನಡೆಯುತ್ತಿರುವ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ; ಹಣ ಕೇಳುವ ಮಧ್ಯವರ್ತಿಯನ್ನು ನಂಬಬೇಡಿ. ಮನೆಯ ಖರ್ಚಿನ ಖಾತೆ ಬೇರೆ, ವ್ಯವಹಾರದ ಖಾತೆ ಬೇರೆ ಇರಲಿ. ಗೆಳೆಯರು ಸೇರಿ ಆರಂಭಿಸುವುದಾದರೆ ಯಾರ ಪಾಲೆಷ್ಟು, ಬಿಟ್ಟುಹೋದರೆ ಏನು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಿ.

ಹಾಗೆಂದು ಓದನ್ನು ತೊರೆಯಿರೆಂದು ನಾನು ಹೇಳುವುದಿಲ್ಲ. 1984ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಸಾವಿರ ಡಾಲರಿನಿಂದ ಕಂಪ್ಯೂಟರ್ ವ್ಯಾಪಾರ ಆರಂಭಿಸಿದ ಮೈಕೇಲ್ ಡೆಲ್ ಓದು ಬಿಟ್ಟು ಗೆದ್ದರು. ಓದು ಬಿಟ್ಟು ಸೋತವರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಇಂದು ಎರಡನ್ನೂ ಜೊತೆಗೆ ನಡೆಸಲು ದಾರಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ರೂಪಿಸಿದ ನಾವೀನ್ಯ ಹಾಗೂ ನವೋದ್ಯಮ ನೀತಿಯು, ಉದ್ಯಮ ಆರಂಭಿಸಿದ ವಿದ್ಯಾರ್ಥಿಗೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ನೀಡಿ ಮತ್ತೆ ಓದಿಗೆ ಸೇರಿಸಿಕೊಳ್ಳಲು, ಅನುಮತಿಯ ಮೇಲೆ ಹಾಜರಾತಿಯಲ್ಲಿ ರಿಯಾಯಿತಿ ಕೊಡಲು ಕಾಲೇಜುಗಳಿಗೆ ಸೂಚಿಸಿದೆ. ನಿಮ್ಮ ಕಾಲೇಜು ಅದನ್ನು ಅಳವಡಿಸಿಕೊಂಡಿದೆಯೆ ಎಂದು ಪ್ರಾಂಶುಪಾಲರನ್ನು ಕೇಳಿ. ಕೇಳುವುದು ಉದ್ಧಟತನವಲ್ಲ. 2025ರ ಆಗಸ್ಟಿನಲ್ಲಿ ಪಕ್ಕದ ಮಂಗಳಗಿರಿಯಲ್ಲಿ ರತನ್ ಟಾಟಾ ಇನ್ನೊವೇಶನ್ ಹಬ್ ಆರಂಭವಾಗಿದೆ. ಅದರ ಬಾಗಿಲನ್ನೂ ತಟ್ಟಿ ನೋಡಿ.

ನಮ್ಮ ಮಕ್ಕಳಿಗೆ ಮತ್ತೊಂದು ಬಂಡವಾಳವಿದೆ, ಅದು ಭಾಷೆ. ಕನ್ನಡ ಲಿಪಿಯೂ ತೆಲುಗು ಲಿಪಿಯೂ ಒಂದೇ ಮೂಲದ ಕವಲುಗಳು. ಎರಡನ್ನೂ ಓದಿ ಬರೆಯಬಲ್ಲ ತರುಣರು ಎರಡು ರಾಜ್ಯಗಳ ಮಾರುಕಟ್ಟೆಗೆ ಸೇತುವೆಯಾಗಬಲ್ಲರು. ಕನ್ನಡವನ್ನು ಕಂಪ್ಯೂಟರಿಗೆ ತಂದವರಲ್ಲಿ ಹೊರನಾಡಿನವರ ಪಾಲು ಸಣ್ಣದಲ್ಲ. 1998ರಲ್ಲಿ 'ಬರಹ' ತಂತ್ರಾಂಶವನ್ನು ಹೊರತಂದ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಅಮೆರಿಕದಲ್ಲಿದ್ದವರು. ದೊಡ್ಡ ನಗರವೇ ಬೇಕೆಂಬ ನಿಯಮವೂ ಇಲ್ಲ. 1996ರಲ್ಲಿ ಆರಂಭವಾದ ರೋಬೋಸಾಫ್ಟ್ ಸಂಸ್ಥೆ ಬೆಳೆದದ್ದು ಉಡುಪಿಯಲ್ಲಿ. ಆದರೆ ನಮ್ಮ ಎಷ್ಟು ಮಕ್ಕಳಿಗೆ ಇಂದು ಕನ್ನಡ ಓದಲು ಬರುತ್ತದೆ? ಮಾತು ಉಳಿದಿದೆ, ಅಕ್ಷರ ಜಾರುತ್ತಿದೆ. ಅಕ್ಷರ ಜಾರಿದರೆ ಈ ಬಂಡವಾಳವೂ ಮುಳುಗಿತು.

ಆದ್ದರಿಂದ ಸಂಘದ ಮುಂದೆ ಮೂರು ಬಿನ್ನಹಗಳನ್ನು ಇಡುತ್ತೇನೆ. ಒಂದು, ಭಾನುವಾರ ಬೆಳಿಗ್ಗೆ ಸಂಘದ ಕೋಣೆಯನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡೋಣ. ಅಲ್ಲಿ ಕಂಪ್ಯೂಟರಿನ ಕೆಲಸವನ್ನು ಹಿರಿಯ ವಿದ್ಯಾರ್ಥಿಗಳು ಕಲಿಸಲಿ, ಲೆಕ್ಕ ಮತ್ತು ಕರಾರಿನ ಪಾಠವನ್ನು ಹೋಟೆಲಿನವರು, ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾದವರು ಹೇಳಲಿ. ಎರಡು, ನಮ್ಮ ಪ್ರತಿಯೊಂದು ಹೋಟೆಲು, ಅಂಗಡಿ ವರ್ಷಕ್ಕೆ ಒಂದು ಕೆಲಸವನ್ನಾದರೂ ವಿದ್ಯಾರ್ಥಿಗೆ ವಹಿಸಲಿ. "ನಮ್ಮ ಹುಡುಗನಲ್ಲವೆ" ಎಂದು ಬಿಟ್ಟಿ ಮಾಡಿಸದೆ, ಒಪ್ಪಿದ ಹಣವನ್ನು ಒಪ್ಪಿದ ದಿನ ಕೊಡಲಿ. ಮೂರು, ಅದೇ ಕೋಣೆಯಲ್ಲಿ ವಾರಕ್ಕೊಂದು ಗಂಟೆ ಕನ್ನಡ ಅಕ್ಷರದ ತರಗತಿ ನಡೆಯಲಿ.

ನನ್ನ ಮಗಳ ಆ ಹಣ ಕೊನೆಗೂ ಬರಲಿಲ್ಲ. ಆದರೆ ಒಂದು ಸಂಜೆ ನನ್ನ ತಂದೆಯ ಹಳೆಯ ಲೆಕ್ಕದ ಪುಸ್ತಕವನ್ನು ಅವಳ ಮುಂದಿಟ್ಟು, ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅಜ್ಜನ ಕೈಬರಹವನ್ನು ಓದಲು ಅವಳು ತಡವರಿಸಿದಳು. ನಾನು ಪಕ್ಕದಲ್ಲಿ ಕುಳಿತು ಓದಿಸಿದೆ. ಮುಂದಿನ ಕೆಲಸಕ್ಕೆ ಅವಳು ಬರೆದ ಕರಾರಿನಲ್ಲಿ ಅರ್ಧ ಹಣ ಮುಂಗಡವೆಂಬ ಸಾಲು ಮೊದಲನೆಯದಾಗಿತ್ತು. ಪದವಿಯನ್ನೂ ಮುಗಿಸಿದಳು.

ನಮ್ಮ ಹಿರಿಯರು ದುಡಿಯುವ ಮಕ್ಕಳಿಗೆ ಶಾಲೆ ಕಟ್ಟಿದರು. ಓದುವ ಮಕ್ಕಳಿಗೆ ದುಡಿಮೆಯ ದಾರಿ ತೋರಿಸುವ ಸರದಿ ಈಗ ನಮ್ಮದು.