ಹಾಲಿನೊಳಗಿನ ಕಾವಲುಗಾರ



ಹಾಲು ಎಂದೊಡನೆ ನಮಗೆ ನೆನಪಾಗುವುದು ಶಕ್ತಿ, ಸುಣ್ಣದಂಶ, ಮಕ್ಕಳ ಬೆಳವಣಿಗೆ. ಅದೇ ಹಾಲಿನ ಪ್ರೋಟೀನಿನಲ್ಲಿ ರೋಗ ತರುವ ಯೀಸ್ಟನ್ನು ಕೊಲ್ಲಬಲ್ಲ ಆಯುಧವೊಂದು ಅಡಗಿದೆ. ಅದು ಹೇಗೆ ಕೆಲಸ ಮಾಡುತ್ತದೆ, ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಶತ್ರುವಿನ ಪರಿಚಯ ಮಾಡಿಕೊಳ್ಳೋಣ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ನಮಗೆ ಉಪಕಾರಿ. ಆದರೆ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್ ಸಮಯಸಾಧಕ. ಅದು ಆರೋಗ್ಯವಂತರಲ್ಲೂ ಬಾಯಿ, ಕರುಳುಗಳಲ್ಲಿ ತೆಪ್ಪಗೆ ವಾಸಿಸುತ್ತಿರುತ್ತದೆ. ಆಂಟಿಬಯಾಟಿಕ್‌ನಿಂದ ಉಪಕಾರಿ ಬ್ಯಾಕ್ಟೀರಿಯಾಗಳು ಸತ್ತಾಗ, ಮಧುಮೇಹ ಹತೋಟಿ ತಪ್ಪಿದಾಗ, ರೋಗನಿರೋಧಕ ಶಕ್ತಿ ಕುಂದಿದಾಗ ತಲೆ ಎತ್ತುತ್ತದೆ. ಹಸುಗೂಸಿನ ಬಾಯಲ್ಲಿ ಮೊಸರು ಮೆತ್ತಿದಂತೆ ಕಾಣುವ, ಒರೆಸಿದರೂ ಸುಲಭವಾಗಿ ಹೋಗದ ಬಿಳಿ ಪದರ ಸಾಮಾನ್ಯವಾಗಿ ಇದರದೇ ಕೆಲಸ. ತೀವ್ರ ನಿಗಾ ಘಟಕದ ರೋಗಿಗಳ ರಕ್ತವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಶಿಲೀಂಧ್ರಗಳ ಪಟ್ಟಿಯಲ್ಲಿ ಇದು ಅತ್ಯಂತ ಗಂಭೀರ ಗುಂಪಿನಲ್ಲಿದೆ.

ಇದನ್ನು ಕೊಲ್ಲುವುದು ಏಕೆ ಕಷ್ಟ? ಬ್ಯಾಕ್ಟೀರಿಯಾದ ಜೀವಕೋಶ ನಮ್ಮದಕ್ಕಿಂತ ತೀರಾ ಭಿನ್ನ. ಯೀಸ್ಟಿನದು ನಮ್ಮ ಜೀವಕೋಶವನ್ನು ಬಹಳಷ್ಟು ಹೋಲುತ್ತದೆ. ಅದಕ್ಕೆ ಹಾಕಿದ ವಿಷ ನಮಗೂ ತಗಲುವ ಭಯ. ಆದ್ದರಿಂದಲೇ ಇದರ ವಿರುದ್ಧದ ಔಷಧ ವರ್ಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲೂ ಫ್ಲುಕೊನಜೋಲ್‌ನಂತಹ ಔಷಧಕ್ಕೆ ಬಗ್ಗದ ತಳಿಗಳು ಈಗ ಹುಟ್ಟಿಕೊಂಡಿವೆ.

ಇನ್ನು ಹಾಲಿಗೆ ಬರೋಣ. 1939ರಲ್ಲಿ ಹಸುವಿನ ಹಾಲಿನಲ್ಲಿ ಕೆಂಪು ಬಣ್ಣದ ಪ್ರೋಟೀನೊಂದು ಪತ್ತೆಯಾಯಿತು. ಕಬ್ಬಿಣವನ್ನು ಹಿಡಿದಿಡುವ ಗುಣವಿರುವುದರಿಂದ ಅದಕ್ಕೆ ಲ್ಯಾಕ್ಟೋಫೆರಿನ್ ಎಂದು ಹೆಸರಾಯಿತು. ಕಬ್ಬಿಣವಿಲ್ಲದೆ ರೋಗಾಣು ಬೆಳೆಯಲಾರದು. ಹೀಗೆ ಶತ್ರುವಿಗೆ ಅನ್ನ ಸಿಗದಂತೆ ಮಾಡುವುದು ಅದರ ಒಂದು ಉಪಾಯ. 1992ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದನ್ನು ಕಂಡರು. ಜಠರದ ಪೆಪ್ಸಿನ್ ಎಂಬ ಕಿಣ್ವ ಈ ಪ್ರೋಟೀನನ್ನು ಕತ್ತರಿಸಿದಾಗ 25 ಅಮೈನೋ ಆಮ್ಲಗಳ ಪುಟ್ಟ ತುಂಡೊಂದು, ಅಂದರೆ ಪೆಪ್ಟೈಡ್, ಹೊರಬರುತ್ತದೆ. ಇದೇ ಲ್ಯಾಕ್ಟೋಫೆರಿಸಿನ್. ಅಚ್ಚರಿಯೆಂದರೆ, ರೋಗಾಣುಗಳನ್ನು ಕೊಲ್ಲುವುದರಲ್ಲಿ ಇಡೀ ಪ್ರೋಟೀನಿಗಿಂತ ಈ ತುಂಡೇ ಪ್ರಬಲ!

ಅದು ಕೊಲ್ಲುವ ಬಗೆ ಸರಳ. ಈ ಪೆಪ್ಟೈಡಿನಲ್ಲಿ ಧನ ವಿದ್ಯುದಂಶ ಹೆಚ್ಚು. ಯೀಸ್ಟಿನ ಮೈಮೇಲೆ ಋಣ ವಿದ್ಯುದಂಶ. ಎರಡೂ ಪರಸ್ಪರ ಆಕರ್ಷಿಸುತ್ತವೆ. ಅಂಟಿಕೊಂಡ ಪೆಪ್ಟೈಡಿನ ಜಿಡ್ಡನ್ನು ಬಯಸುವ ಭಾಗ ಯೀಸ್ಟಿನ ಕೋಶಪೊರೆಯೊಳಗೆ ತೂರಿ ಅದನ್ನು ಕೆಡಿಸುತ್ತದೆ. ತೂತು ಬಿದ್ದ ಕೊಡದಿಂದ ನೀರು ಸೋರುವಂತೆ ಒಳಗಿನ ಪೊಟ್ಯಾಸಿಯಂ ಮೊದಲಾದವು ಸೋರಿ ಕೋಶ ಸಾಯುತ್ತದೆ. ನಮ್ಮ ಕೋಶಗಳ ಪೊರೆಯ ಹೊರಮೈ ಹೆಚ್ಚುಕಡಿಮೆ ತಟಸ್ಥವಾಗಿರುವುದರಿಂದ ಅವುಗಳಿಗೆ ಪೆಟ್ಟು ಕಡಿಮೆ. ಫ್ಲುಕೊನಜೋಲ್‌ನ ವರ್ಗದ ಔಷಧಗಳೊಂದಿಗೆ ಸೇರಿಸಿದಾಗ ಎರಡರ ಪರಿಣಾಮವೂ ಹೆಚ್ಚುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಹಾಗಾದರೆ ಹಾಲು ಕುಡಿದರೆ ಸಾಕೇ? ಖಂಡಿತ ಸಾಲದು. ಪ್ರಯೋಗಾಲಯದ ಗಾಜಿನ ತಟ್ಟೆಯೇ ಬೇರೆ, ಮನುಷ್ಯನ ದೇಹವೇ ಬೇರೆ. ದೇಹದ ಲವಣಗಳು ಈ ಪೆಪ್ಟೈಡಿನ ಶಕ್ತಿ ಕುಂದಿಸುತ್ತವೆ. ಕಿಣ್ವಗಳು ಅದನ್ನು ಇನ್ನೂ ಚೂರು ಮಾಡುತ್ತವೆ. ಹಸುವಿನ ಸಾಧಾರಣ ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಇರುವುದೂ ಅತ್ಯಲ್ಪ. ಆದ್ದರಿಂದ ಯೀಸ್ಟ್ ಸೋಂಕಿಗೆ ಹಾಲು ಹಚ್ಚಿ ಕುಳಿತುಕೊಳ್ಳದೆ ವೈದ್ಯರನ್ನು ಕಾಣಬೇಕು.

ಆದರೆ ಇಂದೇ ಮಾಡಬಹುದಾದ ಎರಡು ಕೆಲಸಗಳಿವೆ. ಹೆರಿಗೆಯಾದ ತಾಯಿಯ ಮೊದಲ ಹಳದಿ ಹಾಲಿನಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಲ್ಯಾಕ್ಟೋಫೆರಿನ್ ಇರುತ್ತದೆ. ಕೆಲವು ಮನೆಗಳಲ್ಲಿ ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಮಗುವಿಗೆ ಸಕ್ಕರೆ ನೀರು ಕುಡಿಸುತ್ತಾರೆ. ಬೆಲೆಯಿಲ್ಲದೆ ಸಿಗುವ ರಕ್ಷಣೆಯನ್ನು ಕೈಯಾರೆ ಚೆಲ್ಲಿದಂತಲ್ಲವೇ? ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಸಿಗಲಿ. ಎರಡನೆಯದಾಗಿ, ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಳ್ಳುವುದನ್ನು ನಿಲ್ಲಿಸಿರಿ.

ವಿದ್ಯಾರ್ಥಿಗಳೇ, ಈ ಪೆಪ್ಟೈಡನ್ನು ದೇಹದಲ್ಲಿ ಉಳಿಯುವ ಔಷಧವಾಗಿಸುವ ಕೆಲಸ ಇನ್ನೂ ಮುಗಿದಿಲ್ಲ. ರಸಾಯನಶಾಸ್ತ್ರ, ಜೀವಶಾಸ್ತ್ರ ಓದುತ್ತಿರುವ ನಿಮ್ಮಲ್ಲಿ ಒಬ್ಬಿಬ್ಬರಾದರೂ ಆ ಕೆಲಸಕ್ಕೆ ಕೈಹಾಕುವಂತಾಗಲಿ.